ಎಡಕ್ಕೆ ವಾಲಿದ ಮೀನುಮುಳ್ಳು

ಕಾಸರಗೋಡು ಕಡೆಯ ಅನಂತಪುರದ ಪದವಿನ ಕೆಳಗೆ ಮನೆ ಮಾಡಿಕೊಂಡಿದ್ದ ಮಡಿವಾಳ ಬಟ್ಯನ ಮಗ ಗುಣಪಾಲನಿಗೆ ಅಕ್ಷರ ಬರುವ ಮೊದಲೇ ಗುರುತು ಬಂದಿತ್ತು. ಮೂವತ್ತು ಮನೆಗಳ ಬಟ್ಟೆಯನ್ನು ಒಂದೇ ತೋಡಿನ ಹರಿಯುವ ನೀರಿನಲ್ಲಿ ಒಗೆದು, ಪದವಿನ ಮೇಲಿನ ಒಂದೇ ಮುರಕಲ್ಲಿನ ಬಯಲಿನಲ್ಲಿ ಹರವಿ, ಹೊತ್ತು ಕಂತುವ ಮೊದಲು ಮೂವತ್ತು ಗಂಟು ಮಾಡಬೇಕು. ಪಂಚೆಯೆಂದರೆ ಎಲ್ಲವೂ ಬಿಳಿ. ಯಾರದ್ದು ಯಾವುದೆಂದು ತಿಳಿಯಲು ಬಟ್ಯ ಪ್ರತಿಯೊಂದರ ಅಂಚಿನ ಒಳಮೈಯಲ್ಲಿ ಕೆಂಪು ನೂಲಿನಿಂದ ಒಂದು ಗುರುತು ಹಾಕುತ್ತಿದ್ದ. ಊರಿನ ಯಜಮಾನರ ಗುತ್ತಿನ ಮನೆಗೆ ಮೂರು ಅಡ್ಡಗೆರೆ, ಶಾನುಭಾಗರಿಗೆ ಕತ್ತರಿ, ತೋಡಿನ ಆಚೆಕರೆಯವರಿಗೆ ಏಣಿ. ಸ್ವಂತ ಮನೆಯ ಬಟ್ಟೆಗೆ ಮೀನಿನ ಮುಳ್ಳು: ಒಂದು ಬೆನ್ನೆಲುಬು, ಅದರ ಎರಡು ಬದಿಗೆ ಮೂರು ಮೂರು ಕಡ್ಡಿ.

ಗುಣಪಾಲ ಎಡಚ. ಅಪ್ಪ ಹಾಕಿದ ಮುಳ್ಳು ಬಲಕ್ಕೆ ವಾಲಿದರೆ ಮಗನದು ಎಡಕ್ಕೆ ವಾಲುತ್ತಿತ್ತು. "ನಿನ್ನ ಮೀನು ಹೊಳೆಯಲ್ಲಿ ಉಲ್ಟಾ ಈಜುವುದಾ ಮಗ?" ಎಂದು ಬಟ್ಯ ನಗುತ್ತಿದ್ದ. ನಗದೆ ಹೇಳುತ್ತಿದ್ದ ಮಾತು ಒಂದೇ ಒಂದು. ಒಬ್ಬನ ಬಟ್ಟೆ ಇನ್ನೊಬ್ಬನ ಮೈಮೇಲೆ ಹೋದರೆ ಅದು ಮಡಿವಾಳ ಮಾಡಿದ ಕಳ್ಳತನ.

ಮನೆಮನೆಗೆ ಒಗೆಯುವ ಯಂತ್ರ ಬಂದ ಮೇಲೆ ಗಂಟುಗಳು ಮೂವತ್ತರಿಂದ ಆರಕ್ಕೆ ಇಳಿದವು. ಅಪ್ಪ ತೀರಿಕೊಂಡ ಮರುವರ್ಷ, ಎರಡು ಸಾವಿರದ ಮೂರರಲ್ಲಿ, ನಲವತ್ತು ದಾಟಿದ ಗುಣಪಾಲ ಕುವೈಟಿನ ಒಂದು ಲಾಂಡ್ರಿಗೆ ಹೋದ. ನೆರೆಮನೆಯ ಮಮ್ಮುಂಞಿ ಅದೇ ಗುತ್ತಿಗೆದಾರನ ಅಡುಗೆಶಾಲೆಗೆ ಹೋದ. ಆರು ತಿಂಗಳು ಕಳೆದು ಒಂದು ಬೆಳಿಗ್ಗೆ ಇಬ್ಬರನ್ನೂ ಬಸ್ಸಿಗೆ ಹತ್ತಿಸಿದರು. ಪಾಸ್‌ಪೋರ್ಟು ಮೊದಲೇ ಗುತ್ತಿಗೆದಾರನ ಪೆಟ್ಟಿಗೆಯಲ್ಲಿತ್ತು. ಬಸ್ಸು ಗಡಿ ದಾಟಿದ ಮೇಲೆಯೇ ಗೊತ್ತಾದದ್ದು, ಹೋಗುತ್ತಿರುವುದು ಇರಾಕಿಗೆ, ಯುದ್ಧ ನಡೆಯುವಲ್ಲಿಗೆ, ಹೊರಗಿನಿಂದ ಬಂದ ಸೈನ್ಯದ ಒಂದು ಶಿಬಿರಕ್ಕೆ ಎಂದು.

ಅಲ್ಲಿ ಕೋಣೆಯಷ್ಟು ದೊಡ್ಡ ಯಂತ್ರಗಳು. ಸೈನಿಕರ ಬಟ್ಟೆಗೆ ಹೆಸರಿನ ಪಟ್ಟಿ ಇತ್ತು. ವಾರಕ್ಕೊಮ್ಮೆ ಒಳಬೇಲಿಯ ಆಚೆಯಿಂದ ಏಳು ಚೀಲ ಬರುತ್ತಿದ್ದವು. ಅವುಗಳಲ್ಲಿ ಆ ನಾಡಿನವರು ತೊಡುವ ಉದ್ದ ಅಂಗಿಗಳು. ಚೀಲದ ಮೇಲೆ ಸೀಮೆಸುಣ್ಣದಲ್ಲಿ ಒಂದರಿಂದ ಏಳರವರೆಗೆ ಕೋಣೆಯ ಅಂಕೆ. ಕೈದಿಗಳು ಎಂದು ಯಾರೂ ಹೇಳಲಿಲ್ಲ.

"ಎಲ್ಲ ಒಟ್ಟಿಗೆ ಹಾಕು," ಎಂದ ಮೇಲ್ವಿಚಾರಕ. "ಯಾರದ್ದು ಯಾರಿಗೆ ಹೋದರೂ ಅವರಿಗೆ ಒಂದೇ."

ಗುಣಪಾಲ ತಲೆಯಾಡಿಸಿದ, ಆದರೆ ಕೈ ಒಪ್ಪಲಿಲ್ಲ. ಊರಿನಿಂದ ತಂದ ತಗಡಿನ ಡಬ್ಬದಲ್ಲಿ ಸೂಜಿ ಇತ್ತು, ಕೆಂಪು ನೂಲಿನ ಉಂಡೆ ಇತ್ತು. ಒಂದನೆಯ ಕೋಣೆಗೆ ಗುತ್ತಿನ ಮನೆಯ ಅಡ್ಡಗೆರೆ ಕೊಟ್ಟ, ಎರಡನೆಯದಕ್ಕೆ ಶಾನುಭಾಗರ ಕತ್ತರಿ. ಹೀಗೆ ಆರು ಕೋಣೆಗಳಿಗೆ ಊರಿನ ಆರು ಮನೆ. ಏಳನೆಯ ಚೀಲದಲ್ಲಿ ಬರುತ್ತಿದ್ದದ್ದು ಒಂದೇ ಅಂಗಿ, ಒಬ್ಬನೇ ಮನುಷ್ಯನದು. ಅದಕ್ಕೆ ತನ್ನ ಮನೆಯ ಮೀನುಮುಳ್ಳನ್ನು ಹಾಕಿದ.

ಬಟ್ಟೆ ಒಗೆಯುವವನಿಗೆ ಕಲೆ ಓದಲು ಬರುತ್ತದೆ. ಬಾಳೆಯ ಕಲೆ, ತುಕ್ಕಿನ ಕಲೆ, ಎಲೆಯಡಿಕೆಯ ಕಲೆ, ಮೂಗಿನಿಂದ ಸುರಿದ ರಕ್ತ, ಗಾಯದಿಂದ ಒಸರಿದ ರಕ್ತ, ಎಲ್ಲ ಬೇರೆಬೇರೆ. ಏಳನೆಯ ಕೋಣೆಯ ಅಂಗಿಯಲ್ಲಿ ರಕ್ತದ ಗೆರೆ ಸೊಂಟದಿಂದ ಹೊರಟು ಎದೆಯ ಮೇಲೆ ಹಾದು ಕುತ್ತಿಗೆಯ ಪಟ್ಟಿಯಲ್ಲಿ ಹೆಪ್ಪುಗಟ್ಟಿತ್ತು. ತಲೆ ಮೇಲಾಗಿ ನಿಂತವನ ರಕ್ತ ಹಾಗೆ ಹರಿಯುವುದಿಲ್ಲ. ಗುಣಪಾಲ ಆ ಅಂಗಿಯನ್ನು ಯಂತ್ರಕ್ಕೆ ಹಾಕದೆ ತಣ್ಣೀರಿನಲ್ಲಿ ಕೈಯಲ್ಲೇ ತೊಳೆದ. ಮುಂದಿನ ವಾರ ಅದೇ ಅಂಗಿ ಬಂತು, ಅದೇ ಗೆರೆಯೊಡನೆ. ಮಮ್ಮುಂಞಿಗೆ ಹೇಳಿದರೆ ಅವನು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನೀನು ಒಗೆಯುವವ, ನಾನು ಬೇಯಿಸುವವ. ಏಳು ಕೋಣೆಗೆ ಗಂಜಿ ಹೋಗ್ತದೆ, ಅರ್ಧ ವಾಪಸು ಬರ್ತದೆ. ಯಾಕೆ ಅಂತ ನಾನು ಕೇಳಿದ್ದೇನಾ?"

ಎರಡು ಸಾವಿರದ ಆರರ ಸುರುವಿಗೆ ಕರಾರು ಮುಗಿದು ಇಬ್ಬರೂ ಊರಿಗೆ ಬಂದರು. ಬರುವ ಮೂರು ವಾರ ಮೊದಲು ಗುಣಪಾಲನ ಜಾಗಕ್ಕೆ ಅವನ ಹೆಂಡತಿ ಕಮಲಾಕ್ಷಿಯ ತಮ್ಮ ಜಯಪಾಲ ಬಂದಿದ್ದ. ಭಾವ ಕಲಿಸಿದ ಏಳು ಗುರುತುಗಳನ್ನು ಚೊಕ್ಕವಾಗಿ ಕಲಿತ. ಸೂಜಿ, ನೂಲು, ತಗಡಿನ ಡಬ್ಬ ಅವನ ಕೈಗೆ ಹೋಯಿತು.

ಊರಿಗೆ ಬಂದು ಹತ್ತು ತಿಂಗಳಿಗೆ ಗುಣಪಾಲನಿಗೆ ಕುವೈಟಿನಿಂದ ಮತ್ತೆ ಕರೆ ಬಂತು. ಈ ಸಲ ಕುವೈಟಿನ ಪೇಟೆಯೊಳಗಿನ ಲಾಂಡ್ರಿ, ಹತ್ತು ಮಂದಿಯ ಮೇಲೆ ಹಿರಿಯನ ಕೆಲಸ. ಪಾಸ್‌ಪೋರ್ಟಿನ ಪ್ರತಿ ತೆಗೆಸಲು ಕಾಸರಗೋಡಿನಲ್ಲಿ ಈಶ್ವರಪ್ರಸಾದನ ಅಂಗಡಿಗೆ ಹೋದ. ಈಶ್ವರಪ್ರಸಾದ ಒಂದು ಸಂಜೆಪತ್ರಿಕೆಗೆ ಸುದ್ದಿ ಬರೆಯುತ್ತಿದ್ದವನು. ಬರೆದದ್ದನ್ನು ಮೂರು ಸಲ ನುಂಗಿಹಾಕಿದರೆಂದು ಬಿಟ್ಟುಬಂದು ಮದುವೆ ಕಾಗದ ಅಚ್ಚುಹಾಕುತ್ತಿದ್ದ. ಬಿಡುವಿನಲ್ಲಿ ಕಂಪ್ಯೂಟರಿನಲ್ಲಿ 'ಕಂಡದ್ದು ಕೇಳಿದ್ದು' ಎಂಬ ಕನ್ನಡ ಬ್ಲಾಗು ಬರೆಯುತ್ತಿದ್ದ. ಅದರಲ್ಲಿ ಅವನೇ ಮಾಡಿಕೊಂಡ ಕಟ್ಟಳೆ ಒಂದಿತ್ತು: ಬರೆದವನು ಕಣ್ಣಾರೆ ಕಂಡದ್ದು ಮೇಲೆ, ಕಿವಿಯಾರೆ ಕೇಳಿದ್ದು ಕೆಳಗೆ. ಎರಡನ್ನೂ ಬೆರೆಸಕೂಡದು. ತಪ್ಪಾದರೆ ಅಳಿಸಕೂಡದು, ಅಡಿಯಲ್ಲಿ ತಪ್ಪೆಂದು ಬರೆಯಬೇಕು.

ಅಂದು ಅವನ ಪರದೆಯ ಮೇಲೆ ಒಂದು ಚಿತ್ರವಿತ್ತು. ಗೋಡೆಗೆ ಮುಖಮಾಡಿ, ತಲೆಗೆ ಚೀಲ ಹಾಕಿಸಿಕೊಂಡು ನಿಂತ ಮನುಷ್ಯ. ಉದ್ದ ಅಂಗಿಯ ಅಂಚು ಮಡಚಿಕೊಂಡು ಒಳಮೈ ಕಾಣುತ್ತಿತ್ತು.

"ಪರದೇಶದ ಒಬ್ಬ ಪತ್ರಕರ್ತ ಹಾಕಿದ್ದು," ಎಂದ ಈಶ್ವರಪ್ರಸಾದ. "ಹೋದ ವರ್ಷ ತೆಗೆದ ಚಿತ್ರ ಅಂತೆ. ಇದು ಸುಳ್ಳು, ಎಲ್ಲಿಯೋ ನಾಟಕ ಮಾಡಿ ತೆಗೆದದ್ದು, ನಮ್ಮ ಶಿಬಿರದಲ್ಲಿ ಕೈದಿಗಳೇ ಇಲ್ಲ ಅಂತ ಆ ಸರಕಾರ ಹೇಳ್ತದೆ. ಯಾರನ್ನು ನಂಬುವುದು ಗುಣಪಾಲಣ್ಣ?"

ಗುಣಪಾಲ ಪರದೆಯ ಹತ್ತಿರಕ್ಕೆ ಬಗ್ಗಿದ. ಬೆರಳು ಇಟ್ಟ ಕಡೆ ಕೆಂಪು ನೂಲಿನ ಮೀನುಮುಳ್ಳು.

"ಇದು ನನ್ನ ಹೊಲಿಗೆ," ಎಂದ.

ಎಲ್ಲವನ್ನೂ ಕೇಳಿಸಿಕೊಂಡ ಈಶ್ವರಪ್ರಸಾದ ಮೊದಲು ಹಳೆಯ ಪತ್ರಿಕೆಗೇ ಹೋದ. "ಒಬ್ಬ ಮಡಿವಾಳ ಹೇಳಿದ ಅಂತ ಒಂದು ಸೈನ್ಯವನ್ನು ಸುಳ್ಳುಬುರುಕ ಅನ್ನುವುದಾ?" ಎಂದು ಅಲ್ಲಿನ ಸಂಪಾದಕ ಚಾ ಕುಡಿಸಿ ಕಳಿಸಿಕೊಟ್ಟ. ಉಳಿದದ್ದು ಬ್ಲಾಗು.

"ಬರೆಯಿರಿ," ಎಂದ ಗುಣಪಾಲ. "ನನ್ನ ಹೆಸರು ಬೇಡ, ಊರು ಬೇಡ. ಹೆಂಡತಿಯ ತಮ್ಮ ಈಗ ಅಲ್ಲಿಯೇ ಇದ್ದಾನೆ."

ಈಶ್ವರಪ್ರಸಾದ ಮಾತು ತಪ್ಪಲಿಲ್ಲ. ಹೆಸರಿಲ್ಲ, ಊರಿಲ್ಲ. ಏಳು ಚೀಲ, ರಕ್ತ ಹರಿದ ದಿಕ್ಕು, ಎಲ್ಲವೂ ಕೆಳಗೆ, ಕೇಳಿದ್ದರಲ್ಲಿ. ಚಿತ್ರದಲ್ಲಿ ಮೀನುಮುಳ್ಳನ್ನು ದೊಡ್ಡದು ಮಾಡಿ ಸುತ್ತ ಒಂದು ವೃತ್ತ ಎಳೆದಿದ್ದ. ಇಂಗ್ಲಿಷಿನಲ್ಲೂ ಬರೆದು ಆ ಪತ್ರಕರ್ತನಿಗೆ ಕಳಿಸಿದ. ಅವನು ಅದನ್ನು ತನ್ನ ಚಿತ್ರದ ಜೊತೆಗೇ ಹಾಕಿದ.

ನಾಲ್ಕನೆಯ ದಿನ ಮಮ್ಮುಂಞಿ ಬೇಲಿಯ ಆಚೆ ನಿಂತು ಕರೆದ. ಅವನ ಅಳಿಯ ನಿಯಾಸ್ ದುಬೈಯಲ್ಲಿ ಅದನ್ನು ಓದಿ ಫೋನು ಮಾಡಿದ್ದ.

"ಹೆಸರು ಹಾಕಲಿಲ್ಲ ಅಂತ ಆರಾಮದಲ್ಲಿ ಇದ್ದೀಯಾ ಮಾರಾಯ?"

"ಇಲ್ಲವಲ್ಲ ಮಮ್ಮುಂಞಾಕ. ಊರು ಕೂಡ ಇಲ್ಲ."

"ಗುರುತು ಉಂಟಲ್ಲ. ನಿಮ್ಮ ಜಾತಿಯವರ ಹೆಸರು ಯಾರಿಗೆ ಬೇಕು? ಗುರುತೇ ವಿಳಾಸ. ಅಲ್ಲಿ ಈಗ ಆ ಮುಳ್ಳು ಹೊಲಿಯುವವ ಯಾರು?"

ಗುಣಪಾಲ ಬೇಲಿಯ ಗೂಟ ಹಿಡಿದುಕೊಂಡ. ಮೂವತ್ತು ಮನೆಗಳ ಗುರುತುಗಳನ್ನು ಕಾಪಾಡಿದವನು ತನ್ನ ಬಾಯಿಯಿಂದಲೇ ಜಯಪಾಲನನ್ನು ತೋರಿಸಿಕೊಟ್ಟಿದ್ದ.

ಜಯಪಾಲ ಶುಕ್ರವಾರಕ್ಕೊಮ್ಮೆ ಊಟದ ಹೊತ್ತಿಗೆ ಅಕ್ಕನಿಗೆ ಫೋನು ಮಾಡುತ್ತಿದ್ದ. ಆ ಶುಕ್ರವಾರ ಮಾಡಲಿಲ್ಲ. ಕಮಲಾಕ್ಷಿ ಬಡಿಸಿದ ಅನ್ನ ಬಟ್ಟಲಿನಲ್ಲೇ ಆರಿತು. "ನಿಮಗೆ ಎಂತ ಬೇಕಿತ್ತು ಅದೆಲ್ಲ?" ಎಂದಳು. "ಆ ಕೋಣೆಯವ ನಿಮ್ಮ ಅಣ್ಣನಾ ತಮ್ಮನಾ? ನನಗೆ ಇರುವುದು ಒಬ್ಬ ತಮ್ಮ." ವಾರವಿಡೀ ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕಸ ಗುಡಿಸಿದಳು, ನೀರು ಸೇದಿದಳು. ಗಂಡನೊಡನೆ ಮಾತು ಬಿಟ್ಟಳು.

ಮರು ಶುಕ್ರವಾರ ಮಧ್ಯಾಹ್ನ ಫೋನು ಬಂತು. ಕಮಲಾಕ್ಷಿ ಎರಡು ಮಾತು ಕೇಳಿ ಗಂಡನ ಕೈಗೆ ಕೊಟ್ಟಳು.

"ಭಾವ, ಅಡುಗೆಯವನ ಫೋನಿನಿಂದ ಮಾತಾಡುವುದು," ಜಯಪಾಲನ ಸ್ವರ ನೆಲದಡಿಯಿಂದ ಬಂದ ಹಾಗಿತ್ತು. "ಎಲ್ಲರ ಪೆಟ್ಟಿಗೆ ತಪಾಸಣೆ ಮಾಡಿದರು. ಸೂಜಿ ಸಿಕ್ಕಿದ್ದು ನನ್ನದರಲ್ಲಿ ಮಾತ್ರ. ಹೊರಗಿನವರಿಗೆ ಸುದ್ದಿ ಕೊಟ್ಟವ ನೀನೇ ಅಂತಾರೆ. ಭಾನುವಾರ ಒಳಬೇಲಿಯವರಿಗೆ ಒಪ್ಪಿಸುತ್ತಾರಂತೆ."

ಒಳಬೇಲಿ. ಗುಣಪಾಲನಿಗೆ ಕುತ್ತಿಗೆಯ ಪಟ್ಟಿಯ ಗೆರೆ ಕಣ್ಣಿಗೆ ಕಟ್ಟಿತು.

"ಜಯಪಾಲ, ಒಂದು ಹೇಳು. ನಿನ್ನ ಮುಳ್ಳು ಯಾವ ಕಡೆಗೆ ವಾಲ್ತದೆ?"

"ಎಂತ ಭಾವ, ಈಗ ಅದಾ?"

"ಹೇಳು ಮಾರಾಯ."

"ಬಲಕ್ಕೆ. ನಿಮ್ಮ ಹಾಗೆ ಮಾಡಲಿಕ್ಕೆ ನನಗೆ ಎಡಗೈ ಎಲ್ಲಿಂದ?"

ಫೋನು ಕಡಿಯಿತು. ಗುಣಪಾಲ ಗೋಡೆಯ ಗೂಟದ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು, ಪಾಸ್‌ಪೋರ್ಟನ್ನೂ ಸೂಜಿ ಚುಚ್ಚಿದ ಕೆಂಪು ನೂಲಿನ ಉಂಡೆಯನ್ನೂ ಕಿಸೆಗೆ ತುರುಕಿ, ಕಾಸರಗೋಡಿನ ಬಸ್ಸು ಹಿಡಿದ.

ವಿಷಯ ಕೇಳಿದವನೇ ಈಶ್ವರಪ್ರಸಾದ ಕಂಪ್ಯೂಟರಿಗೆ ಕೈಹಾಕಿದ. "ಈಗಲೇ ಎಲ್ಲ ಅಳಿಸಿಬಿಡ್ತೇನೆ ಗುಣಪಾಲಣ್ಣ."

"ಅಳಿಸಿದರೆ ಅವರ ಕೈಗೆ ಸಿಕ್ಕಿದ ಸೂಜಿ ವಾಪಸು ಬರ್ತದಾ? ಅಳಿಸಿ ಕೂತರೆ ನೀವು ಕೂಡ ಅವರ ಹಾಗೆಯೇ ಆಗ್ತೀರಿ. ಒಂದು ಬಿಳಿ ಬಟ್ಟೆ ಕೊಡಿ. ಕ್ಯಾಮರಾ ಉಂಟಲ್ಲ?"

ಮೇಜಿನ ಮೇಲಿನ ಕರವಸ್ತ್ರದ ಅಂಚನ್ನು ಮಡಚಿ, ಎಡಗೈಯಲ್ಲಿ ಸೂಜಿ ಹಿಡಿದು ಕುಳಿತ. ಮೊದಲ ಕಡ್ಡಿ ಕೆಟ್ಟಿತು. ಬಿಚ್ಚಿ ಮತ್ತೆ ಹಾಕಿದ. ಬೆನ್ನೆಲುಬು, ಮೂರು ಕಡ್ಡಿ, ಮತ್ತೆ ಮೂರು. ಈಶ್ವರಪ್ರಸಾದ ಹೊಲಿಯುವ ಕೈಯನ್ನೂ ಮುಖವನ್ನೂ ಚಿತ್ರ ತೆಗೆದ. ಶಿಬಿರದ ಚಿತ್ರದ ಪಕ್ಕದಲ್ಲಿಟ್ಟರೆ ಎರಡು ಮುಳ್ಳುಗಳೂ ಎಡಕ್ಕೆ, ಒಂದೇ ಓರೆಯಲ್ಲಿ.

"ಈಗ ಬರೆಯಿರಿ," ಎಂದ ಗುಣಪಾಲ. "ಮಡಿವಾಳ ಬಟ್ಯನ ಮಗ ಗುಣಪಾಲ. ಅನಂತಪುರ. ಪಾಸ್‌ಪೋರ್ಟಿನ ನಂಬರು ಹಾಕಿ. ಹೋದ ತಾರೀಕು, ಬಂದ ತಾರೀಕು ಹಾಕಿ. ಚಿತ್ರ ತೆಗೆಯುವಾಗ ಅಲ್ಲಿ ಹೊಲಿಯುತ್ತಿದ್ದವ ನಾನು. ನನ್ನ ನಂತರ ಬಂದವನ ಕೈ ಬಲಗೈ, ಬೇಕಾದರೆ ಹೊಲಿಸಿ ನೋಡಲಿ. ಸುದ್ದಿ ಕೊಟ್ಟವನೂ ನಾನೇ."

"ಕುವೈಟಿನ ಕೆಲಸ ಹೋಗ್ತದೆ. ಇನ್ನು ಯಾವ ಗಲ್ಫಿನವರೂ ನಿಮಗೆ ವೀಸಾ ಕೊಡಲಿಕ್ಕಿಲ್ಲ."

"ಬೇಗ ಬರೆಯಿರಿ ಪ್ರಸಾದಣ್ಣ. ಭಾನುವಾರಕ್ಕೆ ಎಷ್ಟು ಹೊತ್ತು ಉಂಟು?"

ಈಶ್ವರಪ್ರಸಾದ ಬರೆದ. ಮೊದಲಿನ ಬರಹದ ಅಡಿಯಲ್ಲಿ ಎರಡು ಸಾಲು ಸೇರಿಸಿದ: ಹೆಸರು ಮರೆಸಿ ಗುರುತನ್ನು ಬಯಲಿಗಿಟ್ಟದ್ದು ನನ್ನ ತಪ್ಪು, ಅದರಿಂದ ಏನೂ ಅರಿಯದ ಒಬ್ಬನಿಗೆ ಆಪತ್ತು ಬಂದಿದೆ. ಪತ್ರಕರ್ತನಿಗೆ, ಗುತ್ತಿಗೆದಾರನ ಕಚೇರಿಗೆ, ಆ ಸೈನ್ಯದ ವಕ್ತಾರನಿಗೆ, ಸಿಕ್ಕಿದ ವಿಳಾಸಕ್ಕೆಲ್ಲ ಕಳಿಸಿದ. ಗುಣಪಾಲ ಮನೆಗೆ ಬಂದು ಹೆಂಡತಿಯ ಎದುರು ಕುಳಿತು ಮಾಡಿದ್ದನ್ನು ಹೇಳಿದ. ಅವಳು ಕೇಳಿ ಮುಗಿಸಿ, "ಊಟ ಮಾಡಿದ್ದೀರಾ?" ಎಂದಳು. ಒಂದು ವಾರದ ನಂತರ ಅವಳಾಡಿದ ಮೊದಲ ಮಾತು ಅದು.

ಭಾನುವಾರ ಹೋಯಿತು. ಸೋಮವಾರ, ಮಂಗಳವಾರ ಹೋದವು. ಮಮ್ಮುಂಞಿ ದಿನಕ್ಕೆ ಮೂರು ಸಲ ಬೇಲಿಗೆ ಬಂದು, ತೆಂಗಿನ ಮರ ನೋಡಿ ಹಿಂದಿರುಗುತ್ತಿದ್ದ. ಗುರುವಾರ ಬಜಪೆಯ ವಿಮಾನ ನಿಲ್ದಾಣದಿಂದ ಜಯಪಾಲನೇ ಫೋನು ಮಾಡಿದ. ಮೈಮೇಲಿನ ಬಟ್ಟೆ, ಕೈಯಲ್ಲಿ ಪಾಸ್‌ಪೋರ್ಟು, ಇನ್ನೇನೂ ಇರಲಿಲ್ಲ.

ನಡೆದದ್ದನ್ನು ಮನೆಗೆ ಬಂದ ಮೇಲೆ ಹೇಳಿದ. ಒಳಬೇಲಿಯ ಬಾಗಿಲಿನ ತನಕ ಅವನನ್ನು ಕರೆದುಕೊಂಡು ಹೋಗಿದ್ದರಂತೆ. ಮೇಜಿನ ಹಿಂದೆ ಒಬ್ಬ ಅಧಿಕಾರಿ ಎರಡು ಮುಳ್ಳುಗಳ ಚಿತ್ರ ಅಚ್ಚುಹಾಕಿದ ಕಾಗದ ಇಟ್ಟುಕೊಂಡು ಕುಳಿತಿದ್ದ. ಒಂದು ಬಿಳಿ ಟವೆಲು, ಜಯಪಾಲನದೇ ಸೂಜಿ. ಹೊಲಿ ಎಂದರು. "ಕೈ ನಡುಗಿ ಎಡಕ್ಕೆ ವಾಲಿದರೆ ಮುಗಿಯಿತು ಅಂತ ಗೊತ್ತಿತ್ತು ಭಾವ," ಎಂದ ಜಯಪಾಲ, ಅಕ್ಕ ಕೊಟ್ಟ ಗಂಜಿಯನ್ನು ಕಲಕುತ್ತ. "ಯಾಕೆ ಕೇಳಿದಿರಿ ಅಂತ ಆಗ ತಿಳಿಯಿತು. ಹೊಲಿದೆ. ಕಾಗದದ ಪಕ್ಕ ಇಟ್ಟು ತುಂಬ ಹೊತ್ತು ನೋಡಿದರು. ಮತ್ತೆ ನನ್ನನ್ನು ನೋಡಲಿಲ್ಲ."

ಕುವೈಟಿನ ಕರೆ ಅದೇ ತಿಂಗಳು ರದ್ದಾಯಿತು. ಸೈನ್ಯದ ವಕ್ತಾರನ ಮುಂದಿನ ಹೇಳಿಕೆಯಲ್ಲಿ 'ಸುಳ್ಳು ಚಿತ್ರ' ಎಂಬ ಮಾತು ಇರಲಿಲ್ಲ. 'ಪರಿಶೀಲನೆಯಲ್ಲಿದೆ' ಎಂದಿತ್ತು. ಅದರಾಚೆ ಅವರು ಏನನ್ನೂ ಹೇಳಲಿಲ್ಲ. ಚಿತ್ರದ ಮನುಷ್ಯ ಯಾರು, ಬದುಕಿದನೋ ಸತ್ತನೋ ಗೊತ್ತಾಗಲಿಲ್ಲ. ಈಶ್ವರಪ್ರಸಾದ ಅದನ್ನೂ ಬರೆದ, ಗೊತ್ತಿಲ್ಲ ಎಂದೇ ಬರೆದ.

ಗುಣಪಾಲ ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಹಿಂದೆ ಇಸ್ತ್ರಿ ಅಂಗಡಿ ಹಾಕಿ ಹನ್ನೆರಡು ವರ್ಷ ಕಳೆಯಿತು. ಜಯಪಾಲ ಜೊತೆಗಿದ್ದಾನೆ. ಎರಡು ಸಾವಿರದ ಹತ್ತೊಂಬತ್ತರಲ್ಲೂ ಅಲ್ಲಿಗೆ ಬಂದ ಪ್ರತಿ ಬಟ್ಟೆಗೆ ನೂಲಿನ ಗುರುತು ಬೀಳುತ್ತದೆ. ಅಡ್ಡಗೆರೆ ಉಂಟು, ಕತ್ತರಿ ಉಂಟು, ಏಣಿ ಉಂಟು.

ಮನೆಯ ಬಟ್ಟೆಗೆ ಮಾತ್ರ ಗುಣಪಾಲ ಈಗ ಎರಡು ಚುಕ್ಕಿ ಹಾಕುತ್ತಾನೆ. ಒಮ್ಮೆ ಕಮಲಾಕ್ಷಿ ತನ್ನ ಸೀರೆಯ ಅಂಚು ತಿರುಗಿಸಿ ನೋಡಿ ಕೇಳಿದಳು, "ಮಾವನ ಕಾಲದ ಮೀನುಮುಳ್ಳು ಎಲ್ಲಿ ಹೋಯಿತು?"

"ಅದು ಏಳನೆಯ ಕೋಣೆಯವನದ್ದು," ಎಂದ ಗುಣಪಾಲ, ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತ. "ಒಬ್ಬರಿಗೆ ಕೊಟ್ಟದ್ದನ್ನು ನಾವು ಹಾಕಿಕೊಳ್ಳಲಿಕ್ಕೆ ಆಗ್ತದಾ?"