ತೊಟ್ಟಿಲ ಪಕ್ಕದ ದೀಪ

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಅವಳನ್ನು ಶಿಗ್ಲಿಗೆ ಕೊಟ್ಟಿದ್ದೇವೆ. ಬೆಟಗೇರಿಯ ನಮ್ಮ ಮನೆಯಲ್ಲಿ ಬಾಣಂತನ ಮುಗಿಸಿ, ಹೆಣ್ಣು ಕೂಸಿನೊಂದಿಗೆ ಅವಳು ಗಂಡನ ಮನೆಗೆ ಹೋದ ಮೇಲೆ ಒಂದು ಭಾನುವಾರ ನೋಡಿಬರಲು ಹೋದೆ. ತೊಟ್ಟಿಲು ಅವಳ ಅತ್ತೆಯ ಕೋಣೆಯಲ್ಲಿತ್ತು.

"ಕೂಸು ಅತ್ರ ಆಕಿಗೆ ಕೇಳಂಗಿಲ್ಲಲ್ಲವಾ. ಹಾಲು ಕುಡಿಸಾಕ ಅಷ್ಟ ಎಬ್ಬಸ್ತೀನಿ" ಎಂದರು ಅತ್ತೆ.

ಅದರಲ್ಲಿ ಕೆಡುಕೇನೂ ಇರಲಿಲ್ಲ. ಅವರ ಮಗ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ತಂಗಿ ಮಾತ್ರ ನನ್ನನ್ನು ಹಿತ್ತಲಿಗೆ ಕರೆದೊಯ್ದು, ಕೂಸನ್ನು ಎದೆಗವಚಿಕೊಂಡಂತೆ ಮಾಡಿ, ಆಮೇಲೆ ಎರಡೂ ಬರಿಗೈ ತೋರಿಸಿದಳು.

ನಾನು ಓದಿದ್ದು ಬಿ.ಎ., ಕೆಲಸ ಗದಗಿನ ಬಟ್ಟೆ ಅಂಗಡಿಯಲ್ಲಿ. ಸದ್ದಾದರೆ ಹೊತ್ತಿಕೊಳ್ಳುವ ದೀಪವನ್ನು ಮನೆಯಲ್ಲೇ ಮಾಡಬಹುದೆಂದು ಮೊಬೈಲಿನಲ್ಲಿ ನೋಡಿ, ಹೊಸದಾಗಿ ಕಲಿಯುವವರ ಎಲೆಕ್ಟ್ರಾನಿಕ್ಸ್ ಕಿಟ್ ತರಿಸಿದೆ. ಡಬ್ಬಿ ತೆರೆದಾಗ ಧೈರ್ಯ ಹೋಯಿತು. ಬಣ್ಣದ ವೈರುಗಳು, ತೂತುತೂತಿನ ಬಿಳಿ ಬೋರ್ಡು, ಅಕ್ಕಿಕಾಳಿನಂಥ ಬಿಡಿಭಾಗಗಳು, ನಾವು ಬರೆದುಕೊಟ್ಟಂತೆ ಇವನ್ನೆಲ್ಲ ನಡೆಸುವ ಪುಟ್ಟ ಮೈಕ್ರೋಕಂಟ್ರೋಲರ್.

ಮೊದಲು ಒಂದು ಎಲ್‌ಇಡಿ ಮಿನುಗಿಸಬೇಕು. ಅದೇ ಆಗಲಿಲ್ಲ. ಅದರ ಉದ್ದ ಕಾಲು, ಗಿಡ್ಡ ಕಾಲು ಅದಲುಬದಲಾಗಿದ್ದವು. ತಿರುಗಿಸಿ ಚುಚ್ಚಿದೆ, ಕೆಂಪಗೆ ಮಿನುಗಿತು. ಸದ್ದು ಹಿಡಿಯುವ ಸೆನ್ಸರ್ ಜೋಡಿಸಿದರೆ ಅಡುಗೆಮನೆಯ ಕುಕ್ಕರಿನ ಸೀಟಿಗೂ ದೀಪ ಹೊತ್ತುತ್ತಿತ್ತು. ಅದರ ಮೇಲಿನ ಸಣ್ಣ ಸ್ಕ್ರೂ ತಿರುಗಿಸುತ್ತ, ಹತ್ತಿರದ ಸದ್ದಿಗಷ್ಟೇ ಏಳುವಂತೆ ಮಾಡುವುದರಲ್ಲಿ ವಾರಗಳು ಕಳೆದವು.

ಕೊನೆಗೆ ಎಲ್ಲವನ್ನೂ ಶಿಗ್ಲಿಗೆ ಒಯ್ದು, ತೊಟ್ಟಿಲನ್ನು ತಂಗಿಯ ಕೋಣೆಗೆ ತಂದು, ಸೆನ್ಸರನ್ನು ಅದಕ್ಕೆ ಕಟ್ಟಿ, ಬಿಳಿ ಎಲ್‌ಇಡಿಗಳ ಗೊಂಚಲನ್ನು ತಂಗಿಯ ತಲೆದಿಂಬಿನತ್ತ ತಿರುಗಿಸಿದೆ. ಮಧ್ಯಾಹ್ನ ಅವಳು ಕಣ್ಣು ಮುಚ್ಚಿ ಮಲಗಿದಳು. ಕೂಸು ಎದ್ದು ಅತ್ತಿತು. ಮುಖಕ್ಕೆ ಬೆಳಕು ಬಿದ್ದದ್ದೇ ತಂಗಿ ಎದ್ದು ಕೂಸನ್ನು ಎತ್ತಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಆತು ಬಿಡವಾ, ತೊಟ್ಟಲಾ ಇಲ್ಲೇ ಇರಲಿ. ಬಾಗಲಾ ಮಾತ್ರ ಹಾಕಬ್ಯಾಡ್ರಿ."

ಸಂಜೆ ಇನ್ನೇನು ಹೊರಡಬೇಕು, ದೀಪ ಮತ್ತೆ ಹೊತ್ತಿತು. ತಂಗಿ ಓಡಿಬಂದಳು. ಕೂಸು ಅಳುತ್ತಿರಲಿಲ್ಲ. ದೀಪ ಕೆಟ್ಟಿದೆ ಎಂದು ಅವಳು ಕೈಯಾಡಿಸಿದಳು. ನಾನು ಬಗ್ಗಿ ಕಿವಿಗೊಟ್ಟೆ. ಕೂಸು ತನ್ನಷ್ಟಕ್ಕೆ "ಊಂ... ಗ್ಗೂ..." ಎನ್ನುತ್ತಿತ್ತು. ಕೆಟ್ಟಿಲ್ಲ, ಮಾತಾಡುತ್ತಿದ್ದಾಳೆ ಎಂದು ಸನ್ನೆಯಲ್ಲಿ ಹೇಳಿದೆ. ಅಳುವಿಲ್ಲದೆಯೂ ಕೂಸು ದನಿ ಮಾಡುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ದೀಪ ಹೊತ್ತಿ ಆರುವುದನ್ನು ನೋಡುತ್ತ ಬಹಳ ಹೊತ್ತು ಕೂತಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಕೇಳಿದಳು: ನಾನೂ ಹೀಗೆ ಮಾಡುತ್ತಿದ್ದೆನಾ?

ಮಾಡುತ್ತಿದ್ದಳಂತೆ. ಕೆಲವು ತಿಂಗಳಿಗೆ ತಾನಾಗಿ ನಿಂತುಹೋಯಿತೆಂದು ಅವ್ವ ಹೇಳುತ್ತಿದ್ದಳು. ನಾನು ಹೌದೆಂದು ತಲೆಯಾಡಿಸಿದೆ, ಉಳಿದದ್ದನ್ನು ಹೇಳಲಿಲ್ಲ. ಅವಳು ಕೂಸಿನ ಗಂಟಲ ಮೇಲೆ ಮೆಲ್ಲಗೆ ಬೆರಳಿಟ್ಟಳು. ಊರಿಗೆ ಮರಳಲು ಹಿಡಿಯಬೇಕಿದ್ದ ಲಕ್ಷ್ಮೇಶ್ವರದ ಬಸ್ಸಿಗೆ ಹೊತ್ತಾಗಿದ್ದರೂ ನನಗೆ ಏಳಲು ಮನಸ್ಸಾಗಲಿಲ್ಲ.