ಉತ್ತರಪ್ಪನೂ ಮೇಲ್ಪೇಟೆಯ ಲಿಫ್ಟೂ

ಶಾಸನಸಭೆಯಲ್ಲಿ ಮಂತ್ರಿಗಳು ಮಂಡಿಸುವ ಲಿಖಿತ ಉತ್ತರಗಳನ್ನು ಮಂತ್ರಿಗಳೇ ಬರೆಯುತ್ತಾರೆಂದು ನಂಬಿರುವವರು ಇನ್ನೂ ಇದ್ದಾರೆ. ಅವರು ನೂರ್ಕಾಲ ಬಾಳಲಿ. ನಗರ ಸೌಕರ್ಯ ಇಲಾಖೆಯಲ್ಲಿ ಅವನ್ನು ಬರೆಯುತ್ತಿದ್ದವನು ಮೂಲೆಯ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದ ಒಬ್ಬ ತೆಳ್ಳಗಿನ ಮನುಷ್ಯ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಚೇರಿಗೆಲ್ಲ ಅವನು ಉತ್ತರಪ್ಪ.

ಸದಸ್ಯರು ಕಳಿಸುವ ಪ್ರಶ್ನೆಗಳು ಅ, ಆ, ಇ ಎಂದು ತುಂಡಾಗಿಯೇ ಬರುತ್ತವೆ. ಇಂಥ ತೊಂದರೆ ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕ್ರಮವೇನು? ಇಲ್ಲದಿದ್ದಲ್ಲಿ, ಕಾರಣವೇನು? ಉತ್ತರಪ್ಪ ಹಾಳೆಯನ್ನು ಮುಂದಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದ. ಫ್ಯಾನು ತನ್ನ ಪಾಡಿಗೆ ಗೊಣಗುತ್ತಿತ್ತು. ಮೋಡವೊಂದು ಎದುರು ಕಟ್ಟಡದ ಈ ತುದಿಯಿಂದ ಆ ತುದಿಗೆ ಸರಿಯುವಷ್ಟರಲ್ಲಿ ಉತ್ತರ ಮೇಲಿನಿಂದ ಇಳಿದು ಅವನ ಪೆನ್ನಿಗೆ ಬಂದು ಸೇರುತ್ತಿತ್ತು. ಅದಕ್ಕೇ ಆ ಉತ್ತರಕ್ಕೆ ಮೋಡದ ಗುಣ: ಆಕಾರವಿದೆ, ಹಿಡಿಯಹೋದರೆ ಕೈಗೆ ಸಿಗದು. ‘ವಿಷಯವು ಪರಿಶೀಲನೆಯಲ್ಲಿದೆ.’ ‘ಪ್ರಶ್ನೆ ಉದ್ಭವಿಸುವುದಿಲ್ಲ.’ ಅವನ ವಾಕ್ಯದ ಮೇಲೆ ನೊಣ ಕೂತರೆ ಜಾರಿ ಬೀಳುತ್ತಿತ್ತು. ವಿರೋಧ ಪಕ್ಷದ ಹಿರಿಯರೊಬ್ಬರು ಅವನ ಉತ್ತರ ಓದುತ್ತ ತೂಕಡಿಸಿ, ಕಣ್ಣು ಬಿಟ್ಟಾಗ ಸರ್ಕಾರ ಬದಲಾಗಿ ತಾವೇ ಮಂತ್ರಿಯಾಗಿದ್ದರೆಂದು ಕ್ಯಾಂಟೀನಿನವನು ಆಣೆಯಿಟ್ಟು ಹೇಳುತ್ತಿದ್ದ.

ಈ ಕಸುಬಿಗೆ ಕಟ್ಟುನಿಟ್ಟಾದ ನಿಯಮ ಒಂದೇ: ಉತ್ತರದಲ್ಲಿ ತಿಂಗಳ ಹೆಸರು ಬರಕೂಡದು. ಇಂಥ ತಿಂಗಳೊಳಗೆ ಮಾಡುತ್ತೇವೆ ಎಂದು ಮಂತ್ರಿ ಬರೆದುಕೊಟ್ಟರೆ ಅದು ಭರವಸೆ. ಭರವಸೆಗಳ ಬೆನ್ನು ಹತ್ತಲೆಂದೇ ಸಭೆಗೊಂದು ಸಮಿತಿಯಿದೆ. ಅದು ಹಿಡಿದರೆ ಉಡದ ಹಿಡಿತ. ಮಂತ್ರಿ ಹೋದರೂ, ಮಂತ್ರಿಯ ಕುರ್ಚಿಗೆ ಗೆದ್ದಲು ಹಿಡಿದರೂ ‘ಏನಾಯ್ತು?’ ಎಂದು ಕೇಳುವುದನ್ನು ಬಿಡದು.

ಕಸುಬು ಮೈಗೆ ಹತ್ತಿದರೆ ಮನೆಗೂ ಬರುತ್ತದೆ. “ಸೋಪು ತಂದ್ರಾ?” ಎಂದು ಹೆಂಡತಿ ಕೇಳಿದರೆ, “ಸೋಪಿನ ಅಗತ್ಯ ಗಮನಕ್ಕೆ ಬಂದಿದೆ” ಎನ್ನುತ್ತಿದ್ದ. ಅವಳು ಕೇಳುವುದನ್ನೇ ಬಿಟ್ಟು ತಾನೇ ತರತೊಡಗಿದ್ದಳು.

ಕೇಳುವುದನ್ನು ಬಿಡದಿದ್ದವಳು ಅಕ್ಕ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಮನೆ ಮೇಲ್ಪೇಟೆಯಲ್ಲಿ. ಊರಿನ ನಡುವೆ ಗೋಡೆಯಂತೆ ಎದ್ದ ಬಂಡೆ. ಬಂಡೆಯ ಕೆಳಗೆ ಉತ್ತರಪ್ಪನ ಮನೆಯಿರುವ ಕೆಳಪೇಟೆ, ನೆತ್ತಿಯ ಮೇಲೆ ಮೇಲ್ಪೇಟೆ. ಬಂಡೆಗೆ ಆತುಕೊಂಡ ಕಬ್ಬಿಣದ ಗೋಪುರದೊಳಗೆ ಜನರನ್ನು ಏರಿಸಿ ಇಳಿಸುವ ಲಿಫ್ಟು, ಉತ್ತರಪ್ಪನ ಇಲಾಖೆಯದೇ. ಅದರ ಮೋಟರು ಸುಟ್ಟು ಎರಡು ವರ್ಷವಾಗಿತ್ತು. ಪಕ್ಕದಲ್ಲಿ ಮೆಟ್ಟಿಲುಗಳಿದ್ದವು, ನಿಜ. ಗಡ್ಡ ಬೋಳಿಸಿಕೊಂಡು ಹತ್ತಲು ಹೊರಟವನು ತುದಿ ಮುಟ್ಟುವಷ್ಟರಲ್ಲಿ ಮತ್ತೆ ಕ್ಷೌರಿಕನನ್ನು ಹುಡುಕಬೇಕಾಗುತ್ತಿತ್ತು. ಅಕ್ಕನ ಮಂಡಿಗಳು ಆ ಮೆಟ್ಟಿಲಿಗೆ ಕೈ ಮುಗಿದುಬಿಟ್ಟಿದ್ದವು. ಎರಡು ವರ್ಷದಿಂದ ಅವಳು ಕೆಳಪೇಟೆಯನ್ನು ಬಾಲ್ಕನಿಯಿಂದ ನೋಡಿದ್ದಷ್ಟೇ.

ಪ್ರತಿ ಭಾನುವಾರ ಉತ್ತರಪ್ಪ ಏದುಸಿರು ಬಿಡುತ್ತ ಹತ್ತಿ ಹೋದಾಗ ಅವಳದು ಒಂದೇ ಮಾತು.

“ಲಿಫ್ಟು ಯಾವಾಗ ಶುರು ಆಗುತ್ತೋ?”

“ನಡೀತಾ ಇದೆ ಅಕ್ಕ, ಹಂತ ಹಂತವಾಗಿ...”

“ನಿನ್ನ ಹಂತ ಹತ್ತೋಕೆ ಮೆಟ್ಟಿಲೇ ವಾಸಿ ಕಣೋ.”

ಅಧಿವೇಶನ ಹತ್ತಿರ ಬಂತೆಂದರೆ ಪ್ರಶ್ನೆಗಳು ಮೂಟೆಗಟ್ಟಲೆ ಬೀಳುತ್ತಿದ್ದವು. ಆ ಸಲ ಶುಕ್ರವಾರದ ಮಧ್ಯಾಹ್ನ ಊಟದ ಮಂಪರು. ಕಿಟಕಿಯಲ್ಲಿ ಹತ್ತಿಯಂಥ ಒಂದೇ ಮೋಡ. ಉತ್ತರಪ್ಪ ಒಂದರ ಹಿಂದೊಂದು ಉತ್ತರ ಬರೆದು ಉಪಕಾರ್ಯದರ್ಶಿ ಮೇಡಂ ಕೋಣೆಗೆ ಕಳಿಸಿಬಿಟ್ಟ. ಭಾನುವಾರ ಹಗುರಾಗಿ ಮೆಟ್ಟಿಲು ಹತ್ತಿದ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. “ನನ್ನ ಪ್ರಶ್ನೆ ಬಂತೇನೋ?”

“ಯಾವ ಪ್ರಶ್ನೆ?”

“ಮನೇಲಿ ಕೇಳಿದ್ರೆ ನೀನು ಬಾಯಿ ಬಿಡಲ್ಲ. ಅದಕ್ಕೇ ಸಭೇಲೇ ಕೇಳಿಸಿದೆ. ನಮ್ಮ ಸದಸ್ಯರು ಓಟು ಕೇಳೋಕೆ ಮೆಟ್ಟಿಲು ಹತ್ತಿ ಬಂದಿದ್ರು. ಪಾಪ, ಜೀವ ಬಾಯಿಗೆ ಬಂದಿತ್ತು. ನೀರು ಕೊಟ್ಟು, ‘ಲಿಫ್ಟಿನ ವಿಷಯ ಕೇಳ್ತೀರಾ?’ ಅಂದೆ. ಮಾತು ಹೊರಡದೆ ಹೂಂ ಅಂತ ತಲೆ ಆಡಿಸಿದ್ರು. ಕೇಳಿದ್ದಾರಂತೆ. ಏನು ಬರೆದೆ?”

ಉತ್ತರಪ್ಪನ ಕಣ್ಣಿನ ಮುಂದೆ ಶುಕ್ರವಾರದ ಮೋಡ ಹಾದುಹೋಯಿತು. ಮೇಲ್ಪೇಟೆ ಎಂಬ ಹೆಸರನ್ನು ಅವನ ಕಣ್ಣು ಓದಿತ್ತು, ಕೈ ಬರೆದಿತ್ತು. ನಡುವೆ ಇರಬೇಕಾದ ಅವನು ಮಾತ್ರ ಅಲ್ಲಿರಲಿಲ್ಲ. (ಅ) ಬಂದಿದೆ. (ಆ) ಪರಿಶೀಲನೆಯಲ್ಲಿದೆ. (ಇ) ಉದ್ಭವಿಸುವುದಿಲ್ಲ.

“ನಂದೇನೂ ದೊಡ್ಡ ಆಸೆ ಅಲ್ಲ ಕಣೋ,” ಅಕ್ಕ ಬಾಲ್ಕನಿಯ ಕಂಬಿ ಹಿಡಿದು ಹೇಳಿದಳು. “ಒಂದು ಸಲ ಕೆಳಗೆ ಇಳೀಬೇಕು. ಈ ಮಂಡಿ ಪೂರ್ತಿ ಕೈ ಕೊಡೋದ್ರೊಳಗೆ.”

ಮಂತ್ರಿಗಳ ರುಜು ಬಿದ್ದರೆ ಆ ಉತ್ತರವೇ ಸರ್ಕಾರದ ಮಾತು. ಆಮೇಲೆ ಇನ್ನೊಂದು ವರ್ಷ ಆ ಕಡತವನ್ನು ಯಾರೂ ಮುಟ್ಟುವುದಿಲ್ಲ. ಸೋಮವಾರ ಅವನು ಮೊದಲು ಲಿಫ್ಟಿನ ಉಸ್ತುವಾರಿಯ ಎಂಜಿನಿಯರಿಗೆ ಫೋನು ಮಾಡಿದ.

“ಮೋಟರು ಬಂದು ಗೋದಾಮಲ್ಲಿ ಕೂತಿದೆ, ಮಾರಾಯ್ರೆ,” ಎಂದ ಎಂಜಿನಿಯರು. “ಅದಕ್ಕೆ ಈಗ ಪಾರಿವಾಳಗಳೇ ಮಾಲೀಕರು. ಆದೇಶ ಕೊಡಿ, ಮಾರ್ಚ್ ಮುಗಿಯೋದ್ರೊಳಗೆ ಓಡಿಸ್ತೀನಿ.”

ಆ ದಿನ ಉತ್ತರಪ್ಪ ಕಿಟಕಿಯ ಪರದೆ ಎಳೆದು ಬರೆದ. ಬರೆದದ್ದನ್ನು ಓದಿದ ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಏನ್ರೀ ಇದು, ಮಾರ್ಚ್ ಅಂತ ಬರೆದಿದ್ದೀರಾ? ಆರಾಮಾಗಿದ್ದೀರಿ ತಾನೇ?”

“ಮೇಡಂ, ಮೇಲ್ಪೇಟೇಲಿ ನಮ್ಮ ಅಕ್ಕ ಇದ್ದಾಳೆ. ಅದನ್ನ ನಿಮಗೆ ಮೊದಲೇ ಹೇಳಿಬಿಡಬೇಕು ಅನ್ನಿಸ್ತು.”

“ಹಾಗಾದ್ರೆ ಇದನ್ನ ನೀವು ಬರೀಲೇಬಾರದು.”

“ನೀವೇ ಬರೀರಿ ಮೇಡಂ. ಎಂಜಿನಿಯರ ಮಾತು ಜೊತೇಲೇ ಇಟ್ಟಿದ್ದೀನಿ.”

ಮೇಡಂ ಪೆನ್ನು ಹಿಡಿದರು. ‘ಮಾ’ ಎಂದು ಬರೆದರು, ಹೊಡೆದು ಹಾಕಿದರು. ಸಮಿತಿ ಕಿಟಕಿಯಿಂದ ಇಣುಕುತ್ತಿದೆಯೋ ಎಂಬಂತೆ ಒಮ್ಮೆ ಆ ಕಡೆ ನೋಡಿದರು. ಕೊನೆಗೆ, “ಶುಕ್ರವಾರದ್ದು, ಇದು, ಎರಡೂ ಇಡೋಣ ಕಣ್ರೀ. ನಿಮ್ಮ ಅಕ್ಕನ ವಿಷಯಾನೂ ಟಿಪ್ಪಣಿ ಹಾಕ್ತೀನಿ. ಮಂತ್ರಿಗಳಿಗೆ ಬಿಟ್ಟದ್ದು,” ಎಂದರು.

ಸಂಜೆ ಮಂತ್ರಿಗಳಿಂದ ಕರೆ ಬಂತು. ಅವರ ಕೋಣೆ ಎಷ್ಟು ಉದ್ದವೆಂದರೆ ಬಾಗಿಲಲ್ಲಿ ಮಾಡಿದ ನಮಸ್ಕಾರ ಮೇಜು ತಲುಪುವಷ್ಟರಲ್ಲಿ ಸವೆದು ಹೋಗುತ್ತಿತ್ತು. ಮಂತ್ರಿಗಳು ಕನ್ನಡಕವನ್ನು ಹಣೆಗೇರಿಸಿ, ಎರಡು ಹಾಳೆಗಳನ್ನು ಎರಡು ಕೈಯಲ್ಲಿ ಹಿಡಿದಿದ್ದರು.

“ಇವೆರಡರಲ್ಲಿ ಯಾವುದು ನಿಜ?”

“ಎರಡೂ ನಿಜ ಸರ್. ಒಂದರಲ್ಲಿ ಲಿಫ್ಟು ನಿಂತಿರುತ್ತೆ. ಒಂದರಲ್ಲಿ ಏರುತ್ತೆ.”

“ಅಕ್ಕನಿಗೋಸ್ಕರ ಬರೆದ್ರಾ?”

“ಹೌದು ಸರ್. ಮೇಲ್ಪೇಟೇಲಿ ಬೇರೆಯವರ ಅಕ್ಕಂದಿರೂ ಇದ್ದಾರೆ.”

ಮಂತ್ರಿಗಳು ನಗಲಿಲ್ಲ. “ಮಾರ್ಚ್ ತಪ್ಪಿದ್ರೆ ಸಮಿತಿಯವರು ನನ್ನ ಕೊರಳಪಟ್ಟಿ ಹಿಡೀತಾರೆ.”

“ನನ್ನದೂ ಹಿಡೀತಾರೆ ಸರ್. ಅಕ್ಕ ಹಿಡಿಯೋದು ಬೇರೆ.”

“ನನ್ನ ಹೆಸರಲ್ಲಿ ರಾಶಿ ರಾಶಿ ಉತ್ತರ ಹೋಗಿದೆಯಲ್ರೀ,” ಮಂತ್ರಿಗಳು ತಮಗೇ ಹೇಳಿಕೊಳ್ಳುವಂತೆ ಅಂದರು. “ಯಾವುದಕ್ಕೂ ಜನ ಬಂದು ಬೈದಿಲ್ಲ. ಹೊಗಳಿಯೂ ಇಲ್ಲ. ಎಂಜಿನಿಯರನ್ನ ಫೋನಿಗೆ ಹಿಡೀರಿ. ಆದೇಶ ಇವತ್ತೇ ಹೋಗಲಿ.” ತಿಂಗಳಿದ್ದ ಹಾಳೆಗೆ ರುಜು ಹಾಕಿದರು.

ಸಮಿತಿ ಸುಮ್ಮನಿರಲಿಲ್ಲ, ಉತ್ತರದ ಶಾಯಿ ಒಣಗುವ ಮೊದಲೇ ‘ಏನಾಯ್ತು?’ ಬಂತು. ಮೇಡಂ ದಿನಾ ಬೆಳಿಗ್ಗೆ ಎಂಜಿನಿಯರಿಗೆ ಫೋನು ಮಾಡಿ ಮಾಡಿ, ಅವನ ಹೆಂಡತಿ ಮಕ್ಕಳ ಯೋಗಕ್ಷೇಮವೆಲ್ಲ ಅವರಿಗೆ ಬಾಯಿಪಾಠವಾಯಿತು. ಪಾರಿವಾಳಗಳು ಗೋದಾಮು ಬಿಟ್ಟು ಗೋಪುರಕ್ಕೆ ವರ್ಗವಾದವು. ಮಾರ್ಚ್ ಇನ್ನೂ ಸ್ವಲ್ಪ ಉಳಿದಿರುವಾಗ, ಬಿಸಿಲು ಜೇನಿನಂತೆ ಹರಿಯುತ್ತಿದ್ದ ಮಧ್ಯಾಹ್ನ, ಲಿಫ್ಟು ಒಮ್ಮೆ ಕೆಮ್ಮಿ ಕೆಳಗಿಳಿಯಿತು.

ಬಾಗಿಲು ಸರಿದಾಗ ಮೊದಲು ಬಂದದ್ದು ಕೋಲು, ಆಮೇಲೆ ಅಕ್ಕ. ಅವಳು ಕೆಳಪೇಟೆಯ ಕಲ್ಲುಹಾಸಿನ ಮೇಲೆ ಚಪ್ಪಲಿಯನ್ನು ಒತ್ತಿ ನೋಡಿದಳು, ಎಲ್ಲಿ ಜಾರಿ ಹೋಗುತ್ತದೋ ಎಂಬಂತೆ. ಉತ್ತರಪ್ಪ ಕೈ ಚಾಚಿದ.

“ಎಲ್ಲಿಗೆ ಹೋಗೋಣ ಅಕ್ಕ? ಮನೆಗಾ, ಅಂಗಡಿ ಬೀದಿಗಾ?”

“ಸ್ವಲ್ಪ ತಾಳೋ.”

ಅವಳು ಬೆಂಚಿನ ಮೇಲೆ ಕೂತು ತಲೆಯೆತ್ತಿದಳು. ಬಂಡೆಯ ನೆತ್ತಿಯಲ್ಲಿ, ಆಕಾಶಕ್ಕೆ ಅಂಟಿಸಿದ ಹಾಗೆ, ಅವಳ ಬಾಲ್ಕನಿ. ಒಣಗಲು ಹಾಕಿದ ಟವೆಲ್ಲು ಬೆರಳಿನ ಉಗುರಿನಷ್ಟು.

“ಅಯ್ಯೋ, ನಮ್ಮನೆ ಇಷ್ಟೇ ಇಷ್ಟಾ?” ಎಂದಳು ಅಕ್ಕ. “ನಾನು ಅಲ್ಲಿಂದ ಕೈ ಬೀಸಿದ್ರೆ ನಿನಗೆ ಕಾಣ್ತಾನೇ ಇರ್ಲಿಲ್ಲ ಅನ್ನು!”

ದಿನಾ ಸಂಜೆ ಅವಳು ಕೈ ಬೀಸುತ್ತಿದ್ದಳೆಂಬುದು ಉತ್ತರಪ್ಪನಿಗೆ ಅಂದೇ ಗೊತ್ತಾದದ್ದು. ಅವನೂ ಪಕ್ಕದಲ್ಲಿ ಕೂತು, ಆ ಟವೆಲ್ಲು ಗಾಳಿಗೆ ಆಡುವುದನ್ನು ನೋಡತೊಡಗಿದ.