ಬೆನ್ನಿಗೊಂದು ಒನ್ಸ್ ಮೋರ್

ಪುಕ್ಕಟೆ ಎಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಈ ಬೇಸಿಗೆಯಲ್ಲಿ ಬೈಲಹೊಂಗಲದ ನಮ್ಮ ವಾಚನಾಲಯದವರು ವಾರಕ್ಕೊಂದು ಸಂಜೆ ಸಿನಿಮಾ ಇಟ್ಟರು. ಎಲ್ಲವೂ ಒಬ್ಬರೇ ನಾಟಕಕಾರರು ಬರೆದವು, ಪ್ರವೇಶ ಉಚಿತ. ಕಲೆಯ ಮೇಲಿನ ಪ್ರೀತಿಗೆ ಹೋಗುತ್ತೇನೆಂದು ಹೆಂಡತಿಗೆ ಹೇಳಿದೆ. ಅಲ್ಲಿ ಕೂಲರ್ ಇದೆಯೆಂಬುದು ಅವಳಿಗೂ ಗೊತ್ತಿತ್ತು.

ನಾಟಕದವರು ಬರೆದ ಸಿನಿಮಾದಲ್ಲಿ ಒಂದು ಸುಖವಿದೆ. ಮಾತು ಪೂರ್ತಿಯಾಗುವವರೆಗೆ ಯಾರೂ ಸಾಯುವುದಿಲ್ಲ. ನಮ್ಮ ಸೀಮೆಯಲ್ಲಂತೂ ಸತ್ತರೂ ಬಿಡುವುದಿಲ್ಲ. ಬಯಲಿನ ನಾಟಕದಲ್ಲಿ ಹಾಡು ಹಿಡಿಸಿತೋ, ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಸತ್ತು ಬಿದ್ದ ರಾಜ ಎದ್ದು, ಧೂಳು ಕೊಡವಿ, ಅದೇ ಹಾಡು ಹಾಡಿ ಮತ್ತೆ ಸಾಯುತ್ತಾನೆ. ಸಿನಿಮಾಕ್ಕೆ ಮಾತ್ರ ಕಿವಿ ಇರಲಿಲ್ಲ. ಎಷ್ಟು ಕೂಗಿದರೂ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು.

ಒಂದು ವಾರ ಸಿರಸಂಗಿಯಿಂದ ನಮ್ಮ ಬಸಪ್ಪ ಕಾಕಾ, ನೀಲವ್ವ ಕಾಕಿ ಬಂದರು. ಅಂದಿನ ಚಿತ್ರದಲ್ಲಿ ಕಾಕಾ ಇದ್ದರು! ಹರೆಯದಲ್ಲಿ ಅವರೂರ ಹತ್ತಿರ ಚಿತ್ರೀಕರಣವಾದಾಗ ಸಂತೆಯ ದೃಶ್ಯಕ್ಕೆ ಅವರನ್ನೂ ನಿಲ್ಲಿಸಿದ್ದರಂತೆ. ಚಿತ್ರ ಈ ಕಡೆಯ ಟಾಕೀಸಿಗೆ ಬರಲೇ ಇಲ್ಲ. ಹೇಳುತ್ತ ಹೇಳುತ್ತ ಕಾಕಾ ಮುದುಕರಾದರು, ಊರು ನಗುತ್ತಲೇ ಬಂತು. ಕಾಕಿಯಂತೂ “ಹೌದ್ ಹೌದ್, ಹೀರೋ ಅದಾರ ನಮ್ಮವರು” ಎಂದು ರೊಟ್ಟಿ ಬಡಿಯುತ್ತಿದ್ದರು. ಆ ಸಂಜೆ ಇಸ್ತ್ರಿ ಮಾಡಿದ ಧೋತರ ಉಟ್ಟು ಕಾಕಾ ಮುಂದಿನ ಸಾಲಿನಲ್ಲಿ ಕೂತರು. ಅವರ ಇಷ್ಟು ವರ್ಷದ ಮಾತು ಇಂದು ಉಳಿಯಬೇಕಿತ್ತು.

ಸಂತೆ ಬಂತು. ಎತ್ತು ಬಂತು, ಬೆಲ್ಲ ಬಂತು, ಕಾಕಾನ ಮುಖ ಬರಲಿಲ್ಲ. ದೃಶ್ಯ ಮುಗಿದೇಹೋಯಿತು. ಹಿಂದೆ ಯಾರೋ ಕಿಸಕ್ಕೆಂದರು.

“ನಿಂತಿದ್ದೆ ಖರೇ... ಕಟ್ ಮಾಡ್ಯಾರ ಕಾಣಸತೈತಿ,” ಎಂದು ಕಾಕಾ ತಲೆ ತಗ್ಗಿಸಿದರು. ನನಗೆ ಬಹಳ ಕೆಡುಕೆನಿಸಿತು.

ಅಷ್ಟರಲ್ಲಿ ಕಾಕಿ ಎದ್ದು ನಿಂತರು. “ಒನ್ಸ್ ಮೋರ್!”

ಸಭೆಗೆ ಸಭೆಯೇ ದನಿಗೂಡಿಸಿತು. ವಾಚನಾಲಯದ ಗ್ರಂಥಪಾಲರು ಪಾಪ, ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನು ಹಿಂದಕ್ಕೆ ಸರಿಸಿದರು. ಸಂತೆ ಮತ್ತೆ ನೆರೆಯಿತು.

“ಅಲ್ನೋಡ್ರಿ, ಬೆಲ್ಲದ ಅಂಗಡಿ ಬಾಜೂಕ!” ಎಂದರು ಕಾಕಿ. ಅಲ್ಲೊಬ್ಬ ಎಡ ಹೆಗಲು ತುಸು ಇಳಿಬಿಟ್ಟು ನಮಗೆ ಬೆನ್ನು ಮಾಡಿ ನಿಂತಿದ್ದ.

“ಬೆನ್ನು ಯಾರದರ ಇರಬಹುದಲ್ಲಬೇ ಯವ್ವಾ,” ಎಂದಿತು ಹಿಂದಿನ ಸಾಲು.

“ಯಾರದರ? ಲಗ್ನ ಆದಾಗಿಂದ ಆ ಬೆನ್ನಿನ ಹಿಂದನ ನಡದೇನಿ. ಹೊಲಕ್ಕೂ ಅದರ ಹಿಂದ, ಸಂತಿಗೂ ಅದರ ಹಿಂದ. ಮಾರಿ ಬೇಕಾದ್ರ ಮರತೇನು, ಬೆನ್ನು ಮರೀತೇನೇನು?”

ಆಗ ಬಿದ್ದ ಚಪ್ಪಾಳೆ ಆ ಚಿತ್ರದ ನಾಯಕನಿಗೂ ಬಿದ್ದಿರಲಿಕ್ಕಿಲ್ಲ. ಕಾಕಾ ತಮ್ಮ ಬೆನ್ನನ್ನು ಜನ್ಮದಲ್ಲಿ ಮೊದಲ ಸಲ ಕಣ್ಣು ತುಂಬಿಕೊಂಡು ನೋಡಿದರು.

ಬಸ್‌ಸ್ಟ್ಯಾಂಡಿಗೆ ಹೊರಟಾಗ ಕಾಕಿ ಎದುರಾದವರಿಗೆಲ್ಲ ಸುದ್ದಿ ಹೇಳುತ್ತ ಮುಂದೆ ಮುಂದೆ ನಡೆದರು. ಕಾಕಾ ನಾಲ್ಕು ಹೆಜ್ಜೆ ಹಿಂದಿದ್ದರು.

“ಯಾಕ ಕಾಕಾ, ಹಿಂದ ಉಳದ್ರಲ್ಲ?” ಎಂದೆ.

“ಇರ್ಲಿ ಬಿಡೋ ತಮ್ಮಾ,” ಎಂದರು ಕಾಕಾ. “ಅಕಿ ಬೆನ್ನು ಹೆಂಗೈತಿ ಅಂತ ನಾನೂ ಒಂದೀಟು ನೋಡತೇನಿ.”